ಕಳಕಪ್ಪನ ಊಟದ ತಾಸು

ಗದಗಿನ ನಮ್ಮ ಸೀರೆ ಅಂಗಡಿಗೆ ಬರುವ ಹೆಂಗಸರೆಲ್ಲ ಕಳಕಪ್ಪನನ್ನೇ ಕೇಳುತ್ತಾರೆ. ಅದೇ ಗಾದಿಯ ಮೇಲೆ ನಾನೂ ಕೂತಿರುತ್ತೇನೆ. ನನಗೇನು ಬಾಯಿಲ್ಲವೇ? ಹೊಟ್ಟೆ ಉರಿಯುತ್ತದೆ.

ಊಟದ ತಾಸಿಗೆ ನಮಗೆ ಪಗಾರವಿಲ್ಲ. ಒಂದು ದಿನ ಕಳಕಪ್ಪ ಬುತ್ತಿ ಬಿಚ್ಚುವಾಗಲೇ ಮದುವೆ ಸೀರೆಯವರು ಬಂದರು.

"ಗಿರಾಕಿ ನೋಡು ಮೊದಲ," ಎಂದರು ಅಂಗಡಿಯ ಸಾವಕಾರರು.

"ಈ ತಾಸು ನಂದಲ್ರೀ?"

"ನಿಂದ ಇರಲಿ. ಕುಂತಲ್ಲೇ ಕೇಳಿದ್ದಕ್ಕ ಉತ್ತರಾ ಕೊಡು. ಬಾಯಿಗೂ ಪಗಾರ ಬೇಕೇನು?"

"ಆತ್ರೀ," ಅಂದ. ಅವನು ಸೋತದ್ದು ನೋಡಿ ನನಗೆ ಒಳಗೊಳಗೇ ಖುಷಿ.

ಮದುಮಗಳ ತಾಯಿ ಕೆಂಪು ಸೀರೆ ಎತ್ತಿದಳು. "ಕಳಕಪ್ಪಣ್ಣ, ಬಣ್ಣ ಬಿಡೂದಿಲ್ಲಲ್ಲ?"

"ಬಿಡತೈತ್ರಿ ಅಕ್ಕಾರ. ಒಂದ ಸಲ ತೊಳದ್ರ ಬಕೀಟ್ ಎಲ್ಲಾ ಕೆಂಪ."

ಸಾವಕಾರರು ಗಲ್ಲಾ ಬಿಟ್ಟು ಎದ್ದೇಬಿಟ್ಟರು. "ಏನ ಮಾತಾಡಾಕತ್ತೀಯೋ?"

"ಪಗಾರದ ತಾಸಿನ್ಯಾಗ ಅಂಗಡಿ ಮಾತ ಆಡತೀನ್ರೀ. ಇದು ನನ್ನ ತಾಸು. ನನ್ನ ಮಾತ ಆಡಿದೆ."

"ಹೊರಗ ಕಟ್ಟಿ ಮ್ಯಾಲ ಹೋಗಿ ಉಣ್ಣು ಮಾರಾಯಾ! ಇನ್ನ ನಿನ್ನ ಯಾರೂ ಕರ್ಯಾಂಗಿಲ್ಲ."

ಈಗ ಹೆಂಗಸರು ಊಟದ ಹೊತ್ತಿಗೇ ಬರುತ್ತಾರೆ. ಕಟ್ಟೆಯ ಮೇಲಿನ ಕಳಕಪ್ಪನನ್ನು ಕೇಳಿಯೇ ಒಳಗೆ ಕಾಲಿಡುತ್ತಾರೆ. ಅವನನ್ನು ಕೆಲಸದಿಂದ ಬಿಡಿಸಿದರೆ ಗಿರಾಕಿಯೂ ಹೋದೀತೆಂದು ಸಾವಕಾರರು ಸುಮ್ಮನಿದ್ದಾರೆ.

ನಿನ್ನೆ ನಾನೂ ಅವನ ಪಕ್ಕದಲ್ಲೇ ಬುತ್ತಿ ಬಿಚ್ಚಿ ಕೂತೆ. ಒಬ್ಬಾಕೆ ಬಂದು ನನ್ನೆದುರೇ ನಿಂತಳು. ನಾನು ಗಡಬಡಿಸಿ ತುತ್ತು ನುಂಗಿ, ಉತ್ತರ ಕೊಡಲು ಸಜ್ಜಾದೆ.

"ಅಣ್ಣಾರ, ಸ್ವಲ್ಪ ಸರೀರಿ," ಅಂದಳು. "ಕಳಕಪ್ಪಣ್ಣ ಕಾಣವಲ್ರು."