ಬೆವರದ ಗಡಿಗೆ

"ಅಜ್ಜಾರ, ನನ್ನ ತಂಗಿಗೆ ಇನ್ನೇನು ಹೇಳಲ್ರಿ?" ಎಂದು ಮುರಿಗೆಪ್ಪ ಕೇಳಿದ.

ಮಠದ ಗುರುಗಳನ್ನು ಆ ಸೀಮೆಯವರೆಲ್ಲ ಅಜ್ಜ ಎಂದೇ ಕರೆಯುತ್ತಿದ್ದರು. ಮುರಿಗೆಪ್ಪ ಅವರ ಹತ್ತು ವರ್ಷದ ಶಿಷ್ಯ. ಅವನ ತಂಗಿಯ ಎರಡು ವರ್ಷದ ಮಗು ಜ್ವರದಲ್ಲಿ ತೀರಿಹೋಗಿ ಒಂದು ತಿಂಗಳಾಗಿತ್ತು. ಅಂದಿನಿಂದ ಅವನು ದಿನವೂ ಅವಳ ಮನೆಗೆ ಹೋಗಿದ್ದ. ಹುಟ್ಟಿದವರು ಹೋಗಲೇಬೇಕು ಎಂದಿದ್ದ, ಋಣ ಅಷ್ಟೇ ಇತ್ತು ಎಂದಿದ್ದ, ತಿಳಿದವರು ಅಳಬಾರದು ಎಂದಿದ್ದ. ಅವಳ ಕಣ್ಣು ಒದ್ದೆಯಾಗುವುದಕ್ಕೂ ಇವನ ಹೆಗಲ ಟವೆಲ್ಲು ಮುಂದೆ ಬರುವುದಕ್ಕೂ ಸರಿಹೋಗುತ್ತಿತ್ತು. ಎಂಟೇ ದಿನಕ್ಕೆ ಅವಳು ಅಳು ನಿಲ್ಲಿಸಿದಳು. ಮುರಿಗೆಪ್ಪನ ಮಾತೆಂದರೆ ಮಾತು ಎಂದು ಬಂಧುಗಳೆಲ್ಲ ಹೊಗಳಿದರು. ಆಮೇಲೆ ಅವಳು ಮಾತು ನಿಲ್ಲಿಸಿದಳು. ಆಮೇಲೆ ಊಟ. ಈಗ ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ಹೀಗೇ ಆದರೆ ಮಗುವಿನ ಹಿಂದೆ ತಾಯಿಯೂ ಹೊರಟಾಳು ಎಂದು ಮನೆಯವರು ಹೆದರಿದ್ದರು. ಮುರಿಗೆಪ್ಪನೂ ಹೆದರಿದ್ದ.

ಅಜ್ಜನವರು ಈ ಕತೆ ಹೇಳಿದರು.

ಬಿಸಿಲಿಗೇ ಹೆಸರಾದ ಒಂದು ಊರು. ಆ ಊರಲ್ಲಿ ಒಬ್ಬ ಟವೆಲ್ ವ್ಯಾಪಾರಿ. ಒದ್ದೆ ಎಂದರೆ ಅವನಿಗೆ ಆಗದು. ಹಲಗೆಯ ಮೇಲೆ ಚಹಾದ ಹನಿ ಬಿದ್ದರೆ ಕೂತಲ್ಲೇ ಒರೆಸುವನು. ಗಿರಾಕಿಯ ಹಣೆಯಲ್ಲಿ ಬೆವರು ಕಂಡರೆ ಒರೆಸಿಕೊಳ್ಳಿ ಎಂದು ಹೊಸ ಟವೆಲ್ಲು ಚಾಚುವನು. ಒರೆಸಿಕೊಂಡ ಟವೆಲ್ಲನ್ನು ಕೊಳ್ಳದೆ ಹೋಗುವುದು ಯಾವ ಗಿರಾಕಿಗೆ ಸಾಧ್ಯ?

ಅಂಗಡಿಯ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆ ಇತ್ತು. ಎಲ್ಲ ಗಡಿಗೆಗಳಂತೆ ಅದೂ ಹೊರಮೈಯಲ್ಲಿ ಬೆವರುತ್ತಿತ್ತು. ವ್ಯಾಪಾರಿ ದಿನಕ್ಕೆ ಹತ್ತು ಸಲ ಅದನ್ನು ಒರೆಸಿದ. ಒರೆಸಿ ಒರೆಸಿ ಸಾಕಾಗಿ, ಕೊನೆಗೆ ಅದರ ಮೈಗೆಲ್ಲ ಎಣ್ಣೆ ಬಣ್ಣ ಬಳಿಸಿದ. ಗಡಿಗೆ ಬೆವರುವುದನ್ನು ಬಿಟ್ಟಿತು. ಅಂದಿನಿಂದ ನೀರೂ ತಂಪಾಗುವುದನ್ನು ಬಿಟ್ಟಿತು. ಕುಂಬಾರ ಕೆಟ್ಟ ಮಣ್ಣು ಹಾಕಿ ಮೋಸ ಮಾಡಿದ ಎಂದು ಅವನು ಬಂದವರಿಗೆಲ್ಲ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಮೂವತ್ತು ವರ್ಷ ಗಾದಿಯ ಮೇಲೆ ಕೂತು ಅವನ ಸೊಂಟ ಹಿಡಿದುಕೊಂಡಿತ್ತು. ಯೋಗ ಮಾಡಿ ಎಂದರು ವೈದ್ಯರು. ಪೇಟೆಯಲ್ಲಿ ಆಗಷ್ಟೇ ಒಂದು ಬೋರ್ಡು ಬಂದಿತ್ತು. ಅದರ ಮೇಲೆ 'ಹಾಟ್ ಯೋಗ' ಎಂದು ಬರೆದಿತ್ತು. ವ್ಯಾಪಾರಿ ನಕ್ಕ. ಹಠಯೋಗ ಎಂದು ನೆಟ್ಟಗೆ ಬರೆಯಲು ಬಾರದ ಪೇಂಟರನ ಕೈಗೆ ಬೋರ್ಡು ಕೊಟ್ಟಿದ್ದಾರಲ್ಲ ಎಂದುಕೊಂಡ. ಹಠಕ್ಕೆ ತನ್ನಲ್ಲೇನು ಬರಗಾಲ ಎಂದು ಮರುದಿನ ಬೆಳಿಗ್ಗೆಯೇ ಹೊರಟ. ಹೆಗಲ ಮೇಲೆ ತನ್ನದೇ ಅಂಗಡಿಯ ಮೂರು ಟವೆಲ್ಲುಗಳಿದ್ದವು.

ಬಾಗಿಲು ತೆರೆದವನು ಬೆಚ್ಚಿಬಿದ್ದ. ಬಾಣಂತಿಯ ಬಚ್ಚಲಿನ ಕಾವು ಮುಖಕ್ಕೆ ಹೊಡೆದಂತಾಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಫ್ಯಾನು ಇರಲಿಲ್ಲ. ಗೋಡೆಯುದ್ದಕ್ಕೂ ಹೀಟರುಗಳು ಕೆಂಪಗೆ ಉರಿಯುತ್ತಿದ್ದವು. ಅಷ್ಟರ ನಡುವೆ ಹತ್ತಾರು ಜನ ಸಾಲಾಗಿ ನಿಂತಿದ್ದರು, ಯಾರೂ ಅವರನ್ನು ಕಟ್ಟಿಹಾಕಿರಲಿಲ್ಲ. ವ್ಯಾಪಾರಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಏನವ್ವಾ, ಹೊರಗಿನ ಬಿಸಿಲು ಸಾಲಲಿಲ್ಲಂತ ಒಳಗೂ ಬೆಂಕಿ ಹಚ್ಚೀರೇನು?" ಎಂದು ಕಲಿಸುವ ಹೆಣ್ಣುಮಗಳನ್ನು ಕೇಳಿದ.

"ಹಾಟ್ ಅಂತ ಬೋರ್ಡಿನ ಮ್ಯಾಲ ಬರ್ದೀವಲ್ರಿ ಕಾಕಾ," ಎಂದಳು ಅವಳು. "ಕಾವಿಗೆ ಮೈ ಸಡಿಲಾಗತೈತಿ. ನಡುವ ನೀರು ಕುಡೀರಿ. ಆಗಲಿಲ್ಲಂದ್ರ ಕೂತ್ಕೊಂಡುಬಿಡ್ರಿ."

ಹಾಗಾದರೆ ಪೇಂಟರನದು ತಪ್ಪಿರಲಿಲ್ಲ. ವ್ಯಾಪಾರಿಗೆ ಓಡಿಹೋಗೋಣ ಎನಿಸಿತು. ಆದರೆ ಮುಂದಿನ ಸಾಲಿನಲ್ಲಿ ಅವನಿಗಿಂತ ಹಿರಿಯಳಾದ ಒಬ್ಬ ಮುದುಕಿ ನಿಂತಿದ್ದಳು. ಅವಳ ಎದುರು ಬೆನ್ನು ತೋರಿಸುವುದು ಹೇಗೆ? ನಿಂತ.

ಬೆವರು ಇಳಿಯತೊಡಗಿತು. ಅವನು ಹಣೆ ಒರೆಸಿದ, ಕುತ್ತಿಗೆ ಒರೆಸಿದ, ತೋಳು ಒರೆಸಿದ. ಒಂದು ಕೈ ಮೇಲೆತ್ತಿ ಎಂದರೆ ಇನ್ನೊಂದು ಕೈ ಒರೆಸುತ್ತಿತ್ತು. ಮೊದಲ ಟವೆಲ್ಲು ಹಿಂಡುವ ಹಾಗಾಯಿತು. ಎರಡನೆಯದನ್ನು ಹಿಡಿದ. ಸುತ್ತ ನೋಡಿದರೆ ಎಲ್ಲರೂ ತೊಯ್ದು ತೊಪ್ಪೆಯಾಗಿದ್ದರು, ಒಬ್ಬರೂ ಒರೆಸಿಕೊಳ್ಳುತ್ತಿರಲಿಲ್ಲ. ಮುದುಕಿಯ ಗದ್ದದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಅವನಿಗೆ ಅವರ ಮೇಲೆ ನಿಜವಾಗಿ ಕನಿಕರ ಹುಟ್ಟಿತು. ಪಾಪ, ನಾಳೆ ಇವರಿಗೆಲ್ಲ ಟವೆಲ್ಲು ತಂದುಕೊಡಬೇಕು ಎಂದುಕೊಂಡ. ಆ ಕೋಣೆಯಲ್ಲಿ ಒಣಗಿದ ಮೈ ಅವನದೊಂದೇ.

ಮೂರನೆಯ ಟವೆಲ್ಲಿಗೆ ಕೈಹಾಕಿದಾಗ ಕಣ್ಣು ಕತ್ತಲೆಗಟ್ಟಿತು. ಮೈ ಕೆಂಡವಾಗಿತ್ತು. ಕುಸಿದು ಕೂತ. ಸತ್ತೆ ಎಂದೇ ಅವನಿಗೆ ಅನಿಸಿತು. ಕೂತಲ್ಲಿಂದ ತಲೆಯೆತ್ತಿದರೆ ಆ ಮುದುಕಿ ಬೆವರಿನಲ್ಲಿ ಮಿಂದವಳು, ಒಂಟಿ ಕಾಲಿನ ಮೇಲೆ ಅಲ್ಲಾಡದೆ ನಿಂತಿದ್ದಳು. ಬಿದ್ದದ್ದಕ್ಕಿಂತ ದೊಡ್ಡ ಆಘಾತ ಅವನಿಗೆ ಅದು. ಒದ್ದೆಯಾದವರೆಲ್ಲ ನಿಂತಿದ್ದಾರೆ, ಒಣಗಿದವನು ಬಿದ್ದಿದ್ದಾನೆ.

ಕಲಿಸುವವಳು ಓಡಿಬಂದು ಅವನನ್ನು ಬಾಗಿಲ ಹೊರಗಿನ ನೆರಳಲ್ಲಿ ಕೂರಿಸಿ ನೀರು ಕುಡಿಸಿದಳು. ಹಣೆಯಲ್ಲಿ ಮತ್ತೆ ಬೆವರು ಮೂಡಿತು. ಅವನ ಕೈ ಮತ್ತೆ ಮೇಲೆದ್ದಿತು. ಅವಳು ಕೈ ಚಾಚಿದಳು.

"ಆ ಟವೆಲ್ಲು ಇಲ್ಲಿ ಕೊಡ್ರಿ ಕಾಕಾ. ಒಳಗಿನ ಕಾವು ಹೊರಗ ಹೋಗೂ ದಾರಿ ಅದು. ಬೆವರು ಮೈ ಮ್ಯಾಲ ಆರಿದ್ರನ ಮೈ ತಣ್ಣಗಾಗೂದು. ನೀವು ಒರೆಸಿ ಒರೆಸಿ ಬೆಂಕಿ ಒಳಗ ಕಟ್ಟಿಹಾಕ್ಕೊಂಡೀರಿ."

ವ್ಯಾಪಾರಿ ಟವೆಲ್ಲು ಕೊಟ್ಟುಬಿಟ್ಟ. ಬೆವರು ಹಣೆಯಿಂದ ಕೆನ್ನೆಗೆ, ಕೆನ್ನೆಯಿಂದ ಎದೆಗೆ ಇಳಿಯಿತು. ಸಣ್ಣಗೆ ಗಾಳಿ ಬೀಸಿತು. ಮೈ ತಣ್ಣಗಾಗತೊಡಗಿತು. ಆಗ ಅವನಿಗೆ ತನ್ನ ಗಡಿಗೆ ನೆನಪಾಯಿತು. ಕುಂಬಾರನ ಮೇಲೆ ಆಡಿದ ಮಾತೂ ನೆನಪಾಗಿ ನಾಚಿಕೆಯಾಯಿತು. ಸೀದಾ ಅಂಗಡಿಗೆ ಹೋಗಿ ಗಡಿಗೆಯ ಬಣ್ಣ ಕೆರೆಯುತ್ತ ಕೂತ. ಸಂಜೆಯ ಹೊತ್ತಿಗೆ ಗಡಿಗೆ ಬೆವರಿತು. ಅವನು ಅದನ್ನು ಮುಟ್ಟಲಿಲ್ಲ.

ಅಜ್ಜನವರು ಅಲ್ಲಿಗೆ ಕತೆ ಮುಗಿಸಿದರು.

ಕತೆಯಲ್ಲಿ ಪೇಂಟರನ ಮಾತು ಬಂದಾಗ ನಕ್ಕಿದ್ದ ಮುರಿಗೆಪ್ಪ ಈಗ ನಗುತ್ತಿರಲಿಲ್ಲ. ಗೋಡೆ ನೋಡುತ್ತಿದ್ದ ತಂಗಿಯ ಒಣ ಕಣ್ಣುಗಳು ಅವನ ಮುಂದೆ ಬಂದು ನಿಂತವು. ಎಂಟು ದಿನದಲ್ಲಿ ತಾನು ಮಾಡಿದ್ದೇನು ಎಂದು ತಿಳಿಯಿತು.

"ಹಂಗಾದ್ರ ನಾಳೆ ಹೋಗಿ ಅಕಿಗೆ ಏನು ಹೇಳಲ್ರಿ?" ಎಂದ.

ಆ ಮಗು ಅವನ ತೊಡೆಯ ಮೇಲೂ ಆಡಿದ ಮಗು. ಅದನ್ನು ಮಣ್ಣಿಗಿಟ್ಟು ಬಂದ ದಿನವೂ ಅವನು ಅತ್ತಿರಲಿಲ್ಲ. ಈಗ ಕಣ್ಣು ತುಂಬಿ ಬಂತು. ಕೈ ತಾನಾಗಿ ಹೆಗಲಿಗೆ ಹೋಯಿತು.

ಅಜ್ಜನವರು ಕೈ ಚಾಚಿದರು.

"ಆ ಟವೆಲ್ಲು ಇಲ್ಲಿ ಕೊಡು."