ನಾಳೆಯ ಸುದ್ದಿ ಬಲ್ಲ ಕೆಂಪು

"ಕೇಳಿರಪ್ಪೋ ಕೇಳಿ! ದೊರೆಮಗಳು ಚಾಗಲದೇವಿ ಮೂರು ಒಗಟು ಹಾಕ್ತಾಳೆ. ಬಿಡಿಸಿದವನಿಗೆ ಅರ್ಧ ರಾಜ್ಯ, ಮೇಲೆ ಅವಳ ಜೊತೆ ಮದುವೆ. ಒಂದು ತಪ್ಪಿದರೂ ತಲೆದಂಡ!"

ಡಂಗುರ ಕೇಳುತ್ತ ಚಾಗಲದೇವಿ ಮಂಚದಲ್ಲಿ ಹತ್ತನೆಯ ಸಲ ಮಗ್ಗುಲು ಬದಲಿಸಿದಳು. ಒಂದು ಕಡೆ ನಿಲ್ಲದ ಹುಡುಗಿಗೆ ಈಗ ನಾಲ್ಕು ತಿಂಗಳ ಹಾಸಿಗೆ. ಬೆಳಗಾದರೆ ಕಣ್ಣು ಊದುತ್ತಿತ್ತು. ಕಾಲು ಒತ್ತಿದರೆ ಗುಳಿ ಬೀಳುತ್ತಿತ್ತು. ಉಳಿಯುತ್ತೇನಾ ಎಂದು ಕೇಳಿದರೆ ಜೋಯಿಸರು ನೂರು ವರ್ಷ ಎನ್ನುತ್ತಿದ್ದರು, ರಾಜವೈದ್ಯರು ಮುಗುಳ್ನಕ್ಕು ಲೇಹ್ಯ ಕೊಡುತ್ತಿದ್ದರು. ನಿಜ ಬಲ್ಲವನು ಒಬ್ಬನಾದರೂ ಸಿಗಲಿ ಎಂದೇ ಈ ಒಗಟು. ತಲೆದಂಡ ಮಾತ್ರ ಅಪ್ಪ ಸೇರಿಸಿದ್ದು.

ಮೊದಲು ಬಂದವನು ಕಡಲತೀರದ ರಾಜಕುಮಾರ.

"ಸೊಂಟದ ಹಿಂದೆ ಕೂತು ಇಬ್ಬರು ಅಕ್ಕತಂಗಿಯರು ಹಗಲೂ ಇರುಳೂ ಜರಡಿ ಆಡಿಸ್ತಾರೆ. ಯಾರು?"

"ನಿಮ್ಮ ದಾಸಿಯರು!" ಅವನನ್ನು ಎಳೆದೊಯ್ದರು.

ರಾಜವೈದ್ಯರ ಮಗ ಮೊದಲೆರಡನ್ನು ಸಲೀಸಾಗಿ ಬಿಡಿಸಿದ. ಮೂರನೆಯದು: "ನಾಳೆಯ ಸುದ್ದಿ ಇವತ್ತೇ ಬಲ್ಲವರು ನನ್ನ ಮೈಯೊಳಗೆ ಯಾರು?" ನಿಜ ಹೇಳಬೇಕೆಂದರೆ, ಇದರ ಉತ್ತರ ಚಾಗಲದೇವಿಗೂ ಗೊತ್ತಿರಲಿಲ್ಲ.

"ನಾಡಿ" ಎಂದ ಅವನು, ಮಣಿಕಟ್ಟು ಹಿಡಿದು. "ಬೆಳಗ್ಗೆ ಊತ ಇರೋದಿಲ್ಲ."

ಬೆಳಗ್ಗೆ ಅವಳ ರೆಪ್ಪೆಯೇ ತೆರೆಯಲಿಲ್ಲ. ಅವನನ್ನೂ ಎಳೆದೊಯ್ದರು.

ಆಮೇಲೆ ಬಂದವನು ಮಸಣಯ್ಯ, ಶುಕ್ರವಾರ ಶುಕ್ರವಾರ ಅವಳ ಕಾಲಿಗೆ ಜಿಗಣೆ ಹಚ್ಚುವವನು.

"ಹೆಸರಲ್ಲೇ ಮಸಣ, ಇವನು ಆಯುಸ್ಸು ಹೇಳ್ತಾನಂತೆ!" ಜೋಯಿಸರು ನಕ್ಕರು. ಮಸಣಯ್ಯನೂ ನಕ್ಕ.

"ಜರಡಿಯವರು ಮೂತ್ರಪಿಂಡಗಳು, ಅಮ್ಮಣ್ಣಿ."

"ಸೀಗೆಪುಡಿ ಇಲ್ಲದೆ ನೊರೆ, ಊಟ ಇಲ್ಲದೆ ದಪ್ಪ. ಯಾಕೆ?"

"ಮೈಯೊಳಗಿನ ಉರಿಗೆ ಜರಡಿ ಹರಿದಿದೆ. ಉಳೀಬೇಕಾದ ಸತ್ವ ಮೂತ್ರದಲ್ಲಿ ಹೋಗ್ತಿದೆ, ಅದೇ ನೊರೆ. ಹೋಗಬೇಕಾದ ನೀರು ಮೈಲೇ ನಿಂತಿದೆ, ಅದೇ ಊತ."

ಅವಳು ಎದ್ದು ಕೂತಳು. "ಮೂರನೆಯದು?"

"ರಕ್ತ." ಅವನು ಅತ್ತರಿನ ಉದ್ದ ಸೀಸೆಯೊಂದನ್ನು ಹೊರತೆಗೆದ. "ಕುಡಿದ ಜಿಗಣೆಗೆ ಅರಿಶಿನ ತಾಗಿಸಿದರೆ ರಕ್ತ ಕಕ್ಕುತ್ತೆ. ಆ ರಕ್ತ ಹೆಪ್ಪುಗಟ್ಟಲ್ಲ. ಸೀಸೇಲಿ ನಿಲ್ಲಿಸಿದರೆ ಕೆಂಪು ತಳಕ್ಕೆ ಇಳಿಯುತ್ತೆ. ಒಳಗೆ ಉರಿ ಜಾಸ್ತಿ ಇದ್ದಷ್ಟೂ ಬೇಗ ಇಳಿಯುತ್ತೆ. ಹೀಗೆ ಎಷ್ಟೋ ಜನರದ್ದು ನೋಡಿದ್ದೀನಿ. ಬೇಗ ಇಳಿದವರಿಗೆ ಮುಂದಿನ ವಾರ ಊತ ಏರಿತು."

ಸೀಸೆಯ ಮೇಲೆ ಮೂರು ಸುಣ್ಣದ ಗೆರೆ, ಹಿಂದಿನ ಮೂರು ಶುಕ್ರವಾರ ಅವಳ ರಕ್ತದ ಕೆಂಪು ಒಂದು ಗಳಿಗೆಯಲ್ಲಿ ಇಳಿದ ಮಟ್ಟ. ಒಂದಕ್ಕಿಂತ ಒಂದು ಮೇಲೆ.

"ಇವತ್ತಿನದ್ದು ಈಗಲೇ ನೋಡು!"

ಜಿಗಣೆ ಹಚ್ಚಿ, ಸೀಸೆ ತುಂಬಿ, ಒಂದು ಗಳಿಗೆ ಕಾದರು. ಕೂರಲಾಗದೆ ಚಾಗಲದೇವಿ ಊದಿದ ಕಾಲಲ್ಲೇ ಕಿಟಕಿಗೂ ಮಂಚಕ್ಕೂ ಓಡಾಡಿದಳು. ಕೆಂಪು ಸ್ವಲ್ಪವೇ ಇಳಿದಿತ್ತು. ನಾಲ್ಕನೆಯ ಗೆರೆ ಎಲ್ಲಕ್ಕಿಂತ ಮೇಲೆ ಬಿತ್ತು.

"ಉರಿ ತಣೀತಿದೆ, ಅಮ್ಮಣ್ಣಿ. ಈ ವಾರದೊಳಗೆ ಊತ ಇಳಿಯೋಕೆ ಶುರುವಾಗುತ್ತೆ."

"ಪೂರ್ತಿ ಗುಣವಾಗ್ತಾಳಾ?" ಮಂಚದ ಪಕ್ಕ ನಿಂತಿದ್ದ ದೊರೆ ಕೇಳಿದ.

"ಗೊತ್ತಿಲ್ಲ, ಬುದ್ಧೀ. ಹರಿದ ಜರಡಿ ಎಷ್ಟು ಕೂಡಿಕೊಳ್ಳುತ್ತೋ, ಇನ್ನೂ ಆರು ಶುಕ್ರವಾರ ನೋಡಬೇಕು."

ತಲೆದಂಡಕ್ಕೆಂದು ಬಾಗಿಲಲ್ಲಿ ನಿಂತಿದ್ದ ಕತ್ತಿಯವನು ಒಂದು ಹೆಜ್ಜೆ ಮುಂದಿಟ್ಟ.

"ನಿಲ್ಲೋ!" ಚಾಗಲದೇವಿ ಅಡ್ಡ ಬಂದಳು. "ನಾಲ್ಕು ತಿಂಗಳಲ್ಲಿ ನನ್ನೆದುರು ಗೊತ್ತಿಲ್ಲ ಅಂದ ಮೊದಲನೇ ಗಂಡಸು ಇವನು. ಅಪ್ಪಾಜಿ, ಅರ್ಧ ರಾಜ್ಯ ಈಗಲೇ ಕೊಡಿ. ನನ್ನನ್ನು ಕೊಡೋ ಮಾತು ಆರು ಶುಕ್ರವಾರ ಕಳೀಲಿ. ಅವನನ್ನೂ ಒಂದು ಮಾತು ಕೇಳಬೇಕಲ್ಲ!"

ಐದನೆಯ ದಿನ ಅವಳ ಕಣ್ಣು ಪೂರಾ ತೆರೆಯಿತು. ಆರನೆಯ ಶುಕ್ರವಾರ ಕಾಲು ಒತ್ತಿದರೆ ಗುಳಿ ಬೀಳಲಿಲ್ಲ, ನೊರೆಯೂ ಇರಲಿಲ್ಲ. ಏಳನೆಯ ಶುಕ್ರವಾರ ಅರಮನೆಗೆ ಜಿಗಣೆ ಬರಲಿಲ್ಲ, ಓಲಗದವರು ಬಂದರು.