ಲೈವ್‌ಗೆ ಕಾದು ಕೂತ ಪುಸ್ತಕ

ಊರಿನ ಗ್ರಂಥಪಾಲಕಿ ಸರ್ವಮಂಗಳ ಮೊಬೈಲಿನಲ್ಲಿ ಗ್ರಂಥಾಲಯದ ಹೆಸರಿನಲ್ಲೊಂದು ಪುಟ ತೆರೆದಿದ್ದಳು. ಜೇನು ಸಾಕಣೆಯ ಹಳೇ ಪುಸ್ತಕದ ಫೋಟೋ ಹಾಕಿದ್ದೇ ತಡ, ಲೈಕಿನ ಮೇಲೆ ಲೈಕು ಬಂದವು. ಅಂದಿನಿಂದ ಆ ಪುಸ್ತಕ ಕಪಾಟಿಗೆ ಹೋಗಲಿಲ್ಲ. ಮೇಜಿನ ಮೇಲೊಂದು ಸ್ಟ್ಯಾಂಡಿನಲ್ಲಿ ಫೋನಿನ ಎದುರೇ ಕೂತಿತು.

ಒಂದು ಬೆಳಿಗ್ಗೆ ಜೇನು ಸಾಕುವ ಚಿಕ್ಕೀರಯ್ಯ ಬಂದ. "ಆ ಪುಸ್ತಕ ಕೊಡಿ ಮೇಡಮ್ಮೋರೆ. ಪೆಟ್ಟಿಗೇಲಿರೋ ಜೇನೆಲ್ಲ ಎದ್ದೋಗೋ ಹಂಗೈತೆ."

"ಸಂಜೆ ಫೋನಿನಲ್ಲಿ ಅದರದೇ ಲೈವ್ ಇದೆಯಲ್ಲಣ್ಣ, ನಾಳೆ ಬನ್ನಿ."

"ಜೇನಿಗೂ ಹಂಗೇ ಹೇಳ್ಲಾ, ನಾಳೆ ಎದ್ದೋಗಿ ಅಂತ?"

ಪುಸ್ತಕ ಫೋನಿಗೆ ಹೇಳಿತು: "ನನ್ನನ್ನು ಬಿಟ್ಟುಬಿಡು."

"ಊರೆಲ್ಲ ನಿನ್ನನ್ನು ಮೆಚ್ಚಿದೆ. ಇನ್ನೇನು ಬೇಕು?"

"ಅವರು ನೋಡಿದ್ದು ನನ್ನ ರಟ್ಟು. ಒಳಗಿರುವುದು ಬೇಕೆಂದು ಬಂದವನು ಇವನೊಬ್ಬನೇ."

"ನೀನು ಹೋದರೆ ನಾನು ಏನನ್ನು ತೋರಿಸಲಿ?"

"ನಾನು ಕೂತಿದ್ದ ಜಾಗವನ್ನು ತೋರಿಸು."

ಫೋನು ತುಸು ಯೋಚಿಸಿ ತಾನಾಗಿಯೇ ಆರಿತು. ಸರ್ವಮಂಗಳ ಒತ್ತಿದಳು, ತಟ್ಟಿದಳು. ಅದು ಏಳಲಿಲ್ಲ. "ಫೋನೇ ಕೆಟ್ಟ ಮೇಲೆ ಲೈವ್ ಎಲ್ಲಿ? ಹೋಗ್ಲಿ, ತಗೊಂಡು ಹೋಗಿ" ಎಂದು ಪುಸ್ತಕಕ್ಕೆ ಮೊಹರು ಒತ್ತಿ ಕೊಟ್ಟಳು. ಚಿಕ್ಕೀರಯ್ಯ ಮೆಟ್ಟಿಲಿಳಿಯುವಾಗಲೇ ಪುಟ ತಿರುವತೊಡಗಿದ್ದ.

ಸಂಜೆ ಫೋನು ಎದ್ದಿತು. ಬೇರೆ ದಾರಿ ಕಾಣದೆ ಅವಳು ಖಾಲಿ ಸ್ಟ್ಯಾಂಡಿನ ಫೋಟೋ ಹಾಕಿ, "ಪುಸ್ತಕವನ್ನು ಒಬ್ಬರು ಓದಲು ಒಯ್ದಿದ್ದಾರೆ" ಎಂದು ಬರೆದಳು. ಲೈಕುಗಳು ಅಷ್ಟಕ್ಕಷ್ಟೇ ಬಂದವು. ಅವುಗಳ ಕೆಳಗೆ ಯಾರೋ ಬರೆದಿದ್ದರು: "ಅವರು ವಾಪಸ್ ಕೊಟ್ಟ ಮೇಲೆ ನನಗೆ ಎತ್ತಿಡಿ. ಬಂದು ಒಯ್ಯುತ್ತೇನೆ."